ಮೂವತ್ತು ಹೆಂಗಸರ ಎದುರು ಆಡಿದ ಮಾತು

ಆ ಹೊಲ ನನ್ನ ಸುಪರ್ದಿಗೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಕೃಷಿ ಡಿಪ್ಲೊಮಾ ಮುಗಿಸಿದ ಗರ್ವ ಇನ್ನೂ ತಲೆಯಿಂದ ಇಳಿದಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಕುಷ್ಟಗಿಯ ಒಂದು ಬೀಜದ ಹೊಲದಲ್ಲಿ ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ಹಾಜರಿ ಬರೆದುಕೊಂಡಿದ್ದವನನ್ನು ಸಾಹುಕಾರರೊಬ್ಬರು ಕರೆಸಿ, ಕೊಪ್ಪಳದ ಹೊರಗಿದ್ದ ತಮ್ಮ ನಾಲ್ಕು ಎಕರೆ ಹೈಬ್ರಿಡ್ ಹತ್ತಿ ಬೀಜದ ಹೊಲಕ್ಕೆ ಮ್ಯಾನೇಜರ್ ಮಾಡಿದರು. ಮ್ಯಾನೇಜರ್ ಎಂಬ ಶಬ್ದ ಕೇಳಿಯೇ ನಾನು ಅರ್ಧ ಉಬ್ಬಿಹೋಗಿದ್ದೆ. ಉಳಿದ ಅರ್ಧವನ್ನು ಉಬ್ಬಿಸಲು ನನ್ನ ಹೊಸ ಕೈಗಡಿಯಾರವಿತ್ತು.

ಸಾಹುಕಾರರು ಗಂಗಾವತಿಯವರು. ಶ್ರೀರಾಮನಗರದ ಕಡೆ ಕಾಲುವೆ ಕೆಳಗೆ ಅವರಿಗೆ ಭತ್ತದ ಗದ್ದೆಗಳಿದ್ದವು. ಭತ್ತದಲ್ಲಿ ಗೆದ್ದವರು ಹತ್ತಿ ಬೀಜದಲ್ಲೂ ಗೆಲ್ಲಬೇಕೆಂದು ಕೊಪ್ಪಳಕ್ಕೆ ಬಂದು, ಬಂದ ಮೊದಲ ವರ್ಷವೇ ಕೈ ಸುಟ್ಟುಕೊಂಡಿದ್ದರು. ನನ್ನನ್ನು ಜೀಪಿನಿಂದ ಇಳಿಸಿ ಹೊಲದ ಬದುವಿನ ಮೇಲೆ ನಿಲ್ಲಿಸಿ, ಕೆಲಸ ಮಾಡುತ್ತಿದ್ದ ಹೆಂಗಸರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು.

“ಮಾನೌಮಿ ಅಮಾಸಿ ತನಕ ನೋಡ್ತೀನಿ. ಅಷ್ಟರಾಗ ಕಾಯಿ ನಿಂತ್ರ ಛಲೋ. ಇಲ್ಲಂದ್ರ ಈ ಗ್ಯಾಂಗ್ ಮನಿಗೆ. ನಮ್ಮ ಕಾಲುವಿ ಕಡಿ ಹೆಂಗಸ್ರನ್ನ ಕರ್ಕೊಂಡು ಬರ್ತೀನಿ. ನೀವೂ ಇವ್ರ ಹಿಂದ ಮನಿಗೆ ಹೋಗ್ರಿ.”

ಮಹಾನವಮಿ ಹಬ್ಬಕ್ಕೆ ಮುಂಚಿನ ಆ ಅಮಾವಾಸ್ಯೆಗೆ ಇನ್ನು ಇಪ್ಪತ್ತೆಂಟು ದಿನವಿತ್ತು.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಸಾಲಿನಲ್ಲಿ ನಾಳೆ ಅರಳಬೇಕಾದ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಅದರ ಎಸಳು, ಪರಾಗದ ಹುಡಿ ಎಲ್ಲ ಸುಲಿದು ನಡುವಿನ ಕಡ್ಡಿಯೊಂದನ್ನೇ ಉಳಿಸಬೇಕು. ಅದಕ್ಕೊಂದು ಕೆಂಪು ಕಾಗದದ ಕೊಳವೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನಿಂದ ಅರಳಿದ ಹೂಗಳನ್ನು ಉಡಿ ತುಂಬ ಕಿತ್ತು ತಂದು, ಕೊಳವೆ ತೆಗೆದು, ಆ ಕಡ್ಡಿಗೆ ಹುಡಿ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಅನ್ನುತ್ತಿದ್ದರು. ಎಂಟಕ್ಕೆ ಹೂ ಅರಳುತ್ತದೆ. ಹನ್ನೊಂದು ದಾಟಿ ಬಿಸಿಲೇರಿದರೆ ಹುಡಿ ಒಣಗಿ ಕೆಲಸಕ್ಕೆ ಬಾರದಂತಾಗುತ್ತದೆ. ಸವರಿದ ಹೂ ಕಾಯಾಗಿ ನಿಲ್ಲುತ್ತದೆ. ಸವರದ ಹೂವಿನ ತೊಟ್ಟು ಮೂರು ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತದೆ. ಹೀಗಾಗಿ ನಮ್ಮೆಲ್ಲರ ಹಣೆಬರಹ ಮೂವತ್ತು ಹೆಂಗಸರ ಬೆರಳತುದಿಯಲ್ಲಿತ್ತು.

ನನಗಿಂತ ಮೊದಲಿದ್ದ ಮ್ಯಾನೇಜರ್ ಕನಕಗಿರಿ ಕಡೆಯವನು. ಹತ್ತು ಗಂಟೆಗೆ ಸೈಕಲ್ ಮೇಲೆ ಬಂದು ಹಾಜರಿ ಕೂಗುತ್ತಿದ್ದನಂತೆ. ಅವನು ಹಾಜರಿ ಕೂಗುವ ತನಕ ಯಾರೂ ಸಾಲಿಗೆ ಇಳಿಯುವಂತಿರಲಿಲ್ಲ. ಹೆಂಗಸರು ಭಾಗ್ಯನಗರದಿಂದ ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಬಂದು, ಅರಳಿದ ಹೂ ನೋಡುತ್ತ ಬದುವಿನ ಮೇಲೆ ಕುಳಿತಿರುತ್ತಿದ್ದರು. ರೋಗ ಇದೇ ಎಂದು ನಾನು ಮೊದಲ ದಿನವೇ ಹಿಡಿದೆ. ಮರುದಿನದಿಂದ ಏಳೂವರೆಗೆ ಹಾಜರಿ. ವಾರದೊಳಗೆ ಎಳೆ ಕಾಯಿಗಳು ಕಾಣಿಸತೊಡಗಿದವು. ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯಳಾದ, ತಲೆ ಪೂರ್ತಿ ಬೆಳ್ಳಗಾಗಿದ್ದ ಮುದುಕಿಯೊಬ್ಬಳು, “ಈಗ ಹೊಲಕ್ಕ ಜೀವ ಬಂತು ನೋಡ್ರಿ” ಎಂದಳು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ನನಗೆ ಒಂದು ಕೆಟ್ಟ ಚಾಳಿ. ಒಂದು ಕೆಲಸ ಸರಿಹೋಯಿತೆಂದರೆ ಅದರ ಪಕ್ಕದ ನಾಲ್ಕನ್ನೂ ಕೆದಕುತ್ತೇನೆ. ಹೊಲದ ಮೂಲೆಯಲ್ಲಿ ಒಂದು ಬೇವಿನ ಗಿಡವಿತ್ತು. ದಿನಾ ಬೆಳಿಗ್ಗೆ ಅದರ ಕೆಳಗೆ ಮೂರೋ ನಾಲ್ಕೋ ಹೆಂಗಸರು ಕುಳಿತು ಕಾಗದ ಸುತ್ತಿ ಕೊಳವೆ ಮಾಡುವುದು, ದಾರ ತುಂಡರಿಸುವುದು ಮಾಡುತ್ತಿದ್ದರು. ಇವತ್ತು ಇವರು, ನಾಳೆ ಬೇರೆಯವರು. ಉಳಿದವರು ಸೊಂಟ ಬಗ್ಗಿಸಿ ಬಿಸಿಲಲ್ಲಿ ದುಡಿಯುವಾಗ ಇವರಿಗೇನು ನೆರಳು ಎಂದು ನನಗೆ ಉರಿಯಿತು. ಪಾಳಿ ಹಚ್ಚಿ ಮೈಗಳ್ಳತನ ಮಾಡುತ್ತಿದ್ದಾರೆಂದು ತೀರ್ಮಾನಿಸಿದೆ. ಕೇಳಿದರೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. “ದಾರ ಬೇಕಾಗ್ತಾವಲ್ರಿ” ಎಂದು ಮುದುಕಿ ಬೇರೆ ಕಡೆ ನೋಡಿದಳು.

ದಾರವನ್ನು ಕೊಪ್ಪಳದಿಂದ ಕತ್ತರಿಸಿಯೇ ತರಿಸಿದೆ. ಕೊಳವೆಯನ್ನು ನನ್ನ ಕೋಣೆಯಲ್ಲಿ ನಾನೇ ಸುತ್ತಿದೆ. ಬೇವಿನ ಗಿಡದ ಕೆಳಗೆ ಯಾರೂ ಕೂರಕೂಡದು ಎಂದು ಹುಕುಂ ಮಾಡಿದೆ. ಅದೂ ಸಾಲದೆಂದು ಸಾಲುಗಳನ್ನು ಹಂಚಿದೆ. ಅಲ್ಲಿಯವರೆಗೆ ಅವರು ಗುಂಪಾಗಿ ಒಂದು ಬದಿಯಿಂದ ಇಳಿದು ಇನ್ನೊಂದು ಬದಿಗೆ ಹೊರಬೀಳುತ್ತಿದ್ದರು. ಯಾವ ಹೂ ಯಾರು ಮುಟ್ಟಿದರು ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ಇನ್ನು ಮುಂದೆ ಒಬ್ಬೊಬ್ಬರಿಗೆ ಇಷ್ಟಿಷ್ಟು ಸಾಲು. ಪಕ್ಕಪಕ್ಕದವರಿಗೆ ಬೇರೆ ಬೇರೆ ಬಣ್ಣದ ದಾರ. ಒಬ್ಬರ ಸಾಲಿಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಎರಡು ದಿನ ಬರದಿದ್ದರೆ ಸಾಲು ಬೇರೆಯವರ ಪಾಲು. ಇದನ್ನೆಲ್ಲ ಹೇಳುವಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅದನ್ನು ಹೆದರಿಕೆ ಅಂದುಕೊಂಡು ಒಳಗೊಳಗೇ ಖುಷಿಪಟ್ಟೆ.

ಹತ್ತನೆಯ ದಿನಕ್ಕೆ ಹೊಲದಲ್ಲಿ ತೇಪೆ ಬೀಳತೊಡಗಿತು.

ಒಂದು ಸಾಲಿನಲ್ಲಿ ಕಾಯಿ ಚೆನ್ನಾಗಿ ನಿಂತಿದ್ದು, ನಡುವೆ ಒಂದಿಷ್ಟು ದೂರ ಗಿಡದ ಕೆಳಗೆ ಹಳದಿ ತೊಟ್ಟುಗಳು ಚೆಲ್ಲಿರುತ್ತಿದ್ದವು. ಎಲ್ಲಕ್ಕೂ ದಾರ ಕಟ್ಟಿತ್ತು. ದಾರ ಇದೆ, ಕಾಯಿ ಇಲ್ಲ. ಹುಳ ಇರಬೇಕೆಂದು ಔಷಧಿ ಹೊಡೆಸಿದೆ. ನೀರು ಹೆಚ್ಚಾಯಿತೆಂದು ಎರಡು ದಿನ ಮೋಟಾರ್ ನಿಲ್ಲಿಸಿದೆ. ತೇಪೆಗಳು ಬೆಳೆದವೇ ಹೊರತು ಕಡಿಮೆಯಾಗಲಿಲ್ಲ. ರಾತ್ರಿ ಊಟ ಸೇರುತ್ತಿರಲಿಲ್ಲ. ಸಾಹುಕಾರರ ಜೀಪಿನಂತಹ ಸದ್ದು ರಸ್ತೆಯಲ್ಲಿ ಕೇಳಿದರೆ ಬದುವಿಗೆ ಓಡಿಹೋಗಿ ನೋಡುತ್ತಿದ್ದೆ. ಯಾರೋ ಮೋಸ ಮಾಡುತ್ತಿದ್ದಾರೆ ಎಂಬ ಗುಂಗು ಹಿಡಿಯಿತು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಲು ಸಾಲು ಕಾಯತೊಡಗಿದೆ.

ಗ್ಯಾಂಗಿನಲ್ಲಿ ಎಲ್ಲರಿಗಿಂತ ಚುರುಕಾದವಳು ಒಬ್ಬಳಿದ್ದಳು. ಮೂವತ್ತರ ಆಸುಪಾಸು, ಎತ್ತರದ ಆಳು, ಬಾಯಿ ಜೋರು. ನನ್ನ ಕೈಗಡಿಯಾರ ನೋಡಿ, “ಸಾಹೇಬ್ರ ಗಡಿಯಾರ ಸೂರ್ಯಗ ಟೈಮ್ ಹೇಳ್ತೈತಿ” ಎಂದು ಎಲ್ಲರನ್ನೂ ನಗಿಸಿದವಳು. ಅವಳ ನೆಗೆಣ್ಣಿಯೂ ಅದೇ ಗ್ಯಾಂಗಿನಲ್ಲಿದ್ದಳು. ಅಣ್ಣತಮ್ಮಂದಿರ ಹೆಂಡಂದಿರು, ಒಂದೇ ಮನೆ, ಒಬ್ಬಳೇ ಅತ್ತೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಈ ಚುರುಕು ಹೆಂಗಸಿನ ಹಿಂದೆ ಸದ್ದಿಲ್ಲದೆ ಹೋಗಿ ನಿಂತೆ. ಅವಳು ಕೊಳವೆ ತೆಗೆದಳು. ತೊಟ್ಟಿಗೆ ನೀಲಿ ದಾರ ಕಟ್ಟಿದಳು. ಮುಂದಿನ ಹೂವಿಗೆ ಹೋದಳು. ಮತ್ತೆ ಕೊಳವೆ, ಮತ್ತೆ ದಾರ. ಹುಡಿ ಸವರಲೇ ಇಲ್ಲ.

ನನ್ನ ನೆತ್ತಿಗೆ ರಕ್ತ ಏರಿತು. “ಉಡಿ ತೋರಿಸು” ಎಂದೆ.

ಅವಳು ಬೆಚ್ಚಿ ತಿರುಗಿದಳು. ಸೆರಗನ್ನು ಉಡಿ ಕಟ್ಟಿದ್ದಳು, ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡಳು.

“ತೋರಿಸು ಅಂದೆ!”

ಸುತ್ತಲಿನವರ ಕೈ ನಿಂತವು. ಅವಳು ನಿಧಾನವಾಗಿ ಕೈ ತೆಗೆದಳು. ಉಡಿಯಲ್ಲಿ ಒಂದೇ ಒಂದು ಗಂಡು ಹೂ ಇರಲಿಲ್ಲ. ಬರಿಗೈಯಲ್ಲಿ ಸಾಲಿಗೆ ಇಳಿದು ಬೆಳಗಿನಿಂದ ನಾಟಕ ಆಡುತ್ತಿದ್ದಳು! ಹದಿನಾಲ್ಕು ದಿನದ ಅಂಜಿಕೆಯೆಲ್ಲ ನನ್ನ ಬಾಯಿಗೆ ಬಂತು. “ನೀನು ಕೆಲಸಗಳ್ಳಿ” ಎಂದೆ. ಒಮ್ಮೆ ಅಂದರೆ ಸಾಕಾಗಲಿಲ್ಲ. ಎಲ್ಲರ ಕಡೆ ತಿರುಗಿ, “ನೋಡ್ರಿ, ನಿಮ್ಮ ಅನ್ನದಾಗ ಮಣ್ಣು ಹಾಕಿದ ಕೆಲಸಗಳ್ಳಿ ಇಲ್ಲಿ ಅದಾಳ” ಎಂದು ಕೂಗಿದೆ.

ಅವಳು ಏನೋ ಹೇಳಲು ಬಾಯಿ ತೆರೆದಳು. ನನ್ನನ್ನು ನೋಡಿದಳು, ಆಚೆ ನೀರು ತಿರುವುತ್ತಿದ್ದ ಗಂಡಾಳನ್ನು ನೋಡಿದಳು, ನೆಗೆಣ್ಣಿಯನ್ನು ನೋಡಿದಳು. ನೆಗೆಣ್ಣಿ ತಲೆ ತಗ್ಗಿಸಿದಳು. ಅವಳು ಉಳಿದ ದಾರದ ಕಟ್ಟನ್ನು ಬದುವಿನ ಮೇಲಿಟ್ಟು ಹೊರಟುಹೋದಳು. ಉಳಿದವರು ಮತ್ತೆ ಹೂವಿನ ಮೇಲೆ ಬಗ್ಗಿದರು. ಕಳ್ಳತನ ಸಿಕ್ಕಿಬಿದ್ದರೆ ಮಂದಿ ಹೀಗೇ ಸುಮ್ಮನಾಗುತ್ತಾರೆ ಎಂದು ನಾನು ತಿಳಿದೆ. ಅವತ್ತು ರೊಟ್ಟಿ ಚೆನ್ನಾಗಿ ಸೇರಿತು.

ಆದರೆ ತೊಟ್ಟು ಉದುರುವುದು ನಿಲ್ಲಲಿಲ್ಲ. ಈಗ ಬೇರೆ ಸಾಲಿನಲ್ಲಿ. ಅದರ ಮರುದಿನ ಇನ್ನೊಂದರಲ್ಲಿ. ಒಬ್ಬಳು ಕಳ್ಳಿಯಾದರೆ ಸರಿ, ಮೂವತ್ತು ಮಂದಿಯೂ ಕಳ್ಳಿಯರೇ? ಒಂದು ಹಾಳೆಯಲ್ಲಿ ಹೊಲದ ನಕ್ಷೆ ಬರೆದು ತೇಪೆಗಳನ್ನು ಗುರುತು ಮಾಡಿದೆ. ತೇಪೆ ಬಿದ್ದ ಸಾಲಿನಲ್ಲೆಲ್ಲ ಅದು ಹೆಚ್ಚುಕಡಿಮೆ ಒಂದೇ ಅಳತೆ, ಮೂರು ನಾಲ್ಕು ದಿನದ ಕೆಲಸದಷ್ಟು. ಯಾರಿಗೂ ಎರಡು ತೇಪೆ ಇರಲಿಲ್ಲ. ಇನ್ನೂ ತೇಪೆ ಬೀಳದ ಸಾಲುಗಳಲ್ಲಿ ಮುದುಕಿಯದೂ ಒಂದು. ಹಾಳೆಯನ್ನು ಎಷ್ಟು ತಿರುಗಿಸಿ ನೋಡಿದರೂ ನನ್ನ ಡಿಪ್ಲೊಮಾ ಒಂದಕ್ಷರವನ್ನೂ ಹೇಳಿಕೊಡಲಿಲ್ಲ.

ಆ ಭಾನುವಾರ ಮಧ್ಯಾಹ್ನ ಯಲಬುರ್ಗಾಕ್ಕೆ ಮನೆಗೆ ಹೋದೆ. ಹೆಂಡತಿ ಒಳಗೆ ಕಾಣಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಬೇರೆ ಚಾಪೆ ಹಾಸಿಕೊಂಡು ಕುಳಿತಿದ್ದಳು. ನಮ್ಮ ಕಡೆ ಇದಕ್ಕೆ ಕಡಿಗಿ ಆಗುವುದು ಅನ್ನುತ್ತಾರೆ. ತಿಂಗಳ ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳು ಒಳಗೆ ಬರುವುದಿಲ್ಲ, ದೇವರ ಸಾಮಾನು ಮುಟ್ಟುವುದಿಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ್ದೆ, ನೋಡಿ ನೋಡಿ ಕಾಣಿಸದಂತಾಗಿತ್ತು. ಅವ್ವ ಪೂಜೆಗೆಂದು ಕಿತ್ತ ಮಲ್ಲಿಗೆ ಬುಟ್ಟಿಯನ್ನು ಕಟ್ಟೆಯ ಪಕ್ಕ ಇಟ್ಟಿದ್ದಳು. ಗಾಳಿಗೆ ಬುಟ್ಟಿ ಉರುಳಿ ಹೂ ಚೆಲ್ಲಿತು. ಹೆಂಡತಿ ಕೈ ಚಾಚಿದವಳು ಅರ್ಧಕ್ಕೇ ಹಿಂದೆಗೆದಳು.

“ಬಳಿದು ಹಾಕಬಾರದೇನು?” ಎಂದೆ.

“ಅಯ್ಯ, ಹೂ ಮುಟ್ಟಬಾರದ್ರಿ. ಗಿಡ ಬಾಡತಾವ, ಕಾಯಿ ಕಚ್ಚೂದಿಲ್ಲ” ಎಂದಳು. “ಇವತ್ತು ಮೂರನೇ ದಿನ. ನಾಳೆ ನೀರು ಹಾಕ್ಕೊಂಡ ಮ್ಯಾಲ ಮುಟ್ಟತೀನಿ.”

ನಾನು ಅಲ್ಲೇ ಕುಸಿದು ಕುಳಿತೆ. ಜೇಬಿನಲ್ಲಿದ್ದ ನಕ್ಷೆ ತೆಗೆಯುವ ಅಗತ್ಯವೇ ಇರಲಿಲ್ಲ. ಒಬ್ಬೊಬ್ಬಳ ಸರದಿ ಬಂದಂತೆ ಅವಳ ಸಾಲಿನಲ್ಲಿ ಒಂದೇ ತೇಪೆ, ಮೂರು ನಾಲ್ಕು ದಿನದ್ದು. ಮುದುಕಿಗೆ ಇಲ್ಲ. ಬೇವಿನ ಗಿಡದ ಕೆಳಗೆ ಕುಳಿತವರು ಮೈಗಳ್ಳರಾಗಿರಲಿಲ್ಲ. ಕಡಿಗಿಯಾದವರು ಹೂವಿನ ಗೊಡವೆಗೆ ಹೋಗದೆ ದಾರ ಕತ್ತರಿಸುತ್ತಿದ್ದರು, ಅವರ ಪಾಲಿನ ಹೂವನ್ನು ಉಳಿದವರು ಸವರುತ್ತಿದ್ದರು. ಒಂದು ಮಾತೂ ಇಲ್ಲದೆ, ಯಾವ ಗಂಡಸಿಗೂ ಗೊತ್ತಾಗದಂತೆ, ಅದು ತಾನಾಗಿ ನಡೆಯುತ್ತಿತ್ತು. ಆ ನೆರಳನ್ನು ನಾನು ಕಿತ್ತುಕೊಂಡೆ. ಸಾಲು ಹಂಚಿ, ಬಣ್ಣದ ದಾರ ಕೊಟ್ಟು, ಒಬ್ಬಳ ಹೂವನ್ನು ಇನ್ನೊಬ್ಬಳು ಸವರುವ ದಾರಿಯನ್ನೂ ಮುಚ್ಚಿದೆ. ಮನೆಯಲ್ಲಿ ಕೂರೋಣವೆಂದರೆ ಎರಡು ದಿನಕ್ಕೆ ಸಾಲು ಹೋಗುತ್ತದೆ ಎಂದೆ. ಮಧ್ಯಾಹ್ನ ನಾನು ಅಷ್ಟು ಕಾವಲು ಇರುತ್ತಿರಲಿಲ್ಲ, ಮೊಗ್ಗು ಸುಲಿಯುವುದನ್ನು ಪಕ್ಕದವರು ಕಣ್ಣು ತಪ್ಪಿಸಿ ಮುಗಿಸಿಕೊಡುತ್ತಿದ್ದರು. ಬೆಳಿಗ್ಗೆ ದಾರದ ಬಣ್ಣ ಸುಳ್ಳು ಹೇಳುವುದಿಲ್ಲವಲ್ಲ. ಇನ್ನೇನು ಮಾಡುತ್ತಾರೆ? ತೊಟ್ಟಿಗೆ ದಾರ ಕಟ್ಟಿದರು, ಹೂ ಮುಟ್ಟಲಿಲ್ಲ.

ಮುಟ್ಟಿದರೆ ಕಾಯಿ ಕಚ್ಚುವುದಿಲ್ಲ ಎಂಬುದು ಸುಳ್ಳು ಎಂದು ನನಗೆ ಗೊತ್ತಿತ್ತು. ಅದು ನನಗೆ ಗೊತ್ತಿದ್ದು ಏನು ಬಂತು? ಅವರು ಹೊಲ ಕೆಡಬಾರದೆಂದು ಮುಟ್ಟಿರಲಿಲ್ಲ. ಕಾಯಿ ಉಳಿಯಲಿ ಎಂದು ಕೈ ಹಿಂದೆಗೆದವಳನ್ನು ನಾನು ಕೆಲಸಗಳ್ಳಿ ಎಂದಿದ್ದೆ, ಅದೂ ಉಡಿ ಬಿಚ್ಚಿಸಿ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡದೆ, “ಆಕಿ ಜಾಗದಾಗ ನಾನಿದ್ದರೂ ಮುಟ್ಟತಿದ್ದಿಲ್ರಿ” ಎಂದಳು. ಆ ದಿನ ನನಗೆ ನನ್ನ ಮೇಲೆ ಆದಷ್ಟು ಅಸಹ್ಯ ಬೇರೆ ಯಾವತ್ತೂ ಆಗಿಲ್ಲ.

ಸೋಮವಾರ ಬೆಳಿಗ್ಗೆ ಹಾಜರಿಯಾದ ಮೇಲೆ, ದಾರದ ಕಟ್ಟುಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿದು ಮುದುಕಿಯ ಮುಂದಿಟ್ಟೆ. “ಇನ್ನ ಸಾಲು ಯಾರಿಗೂ ಇಲ್ಲ. ಮೊದಲಿನಂಗ ಮಾಡ್ರಿ. ದಾರ ಕತ್ತರಿಸಾಕ ಎಷ್ಟು ಮಂದಿ ಬೇಕು, ನೀವ ನೋಡಿ ಗಿಡದ ಕೆಳಗ ಕುಂದ್ರಿಸ್ರಿ” ಎಂದೆ. ಮುದುಕಿ ನನ್ನನ್ನು ದಿಟ್ಟಿಸಿ ನೋಡಿದಳು. ನಾನು ನೆಲ ನೋಡಿದೆ. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಅದೇ ಸಂಜೆ ಭಾಗ್ಯನಗರಕ್ಕೆ ಹೋದೆ. ಆ ಚುರುಕು ಹೆಂಗಸಿನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅತ್ತೆ ಹೊರಗೆ ಹುಣಸೆಹಣ್ಣು ಕುಟ್ಟುತ್ತ ಕುಳಿತಿದ್ದವಳು ನನ್ನನ್ನು ನೋಡಿ ಒಳಗೆ ಎದ್ದುಹೋದಳು. ಸೊಸೆ ಬಾಗಿಲಿಗೆ ಬಂದು ನಿಂತಳು. ಹೊಲದಲ್ಲಿ ನಗಿಸುತ್ತಿದ್ದವಳು ಇವಳೇ ಏನು ಅನ್ನುವಷ್ಟು ಮುಖ ಇಳಿದಿತ್ತು.

“ನನಗ ತಿಳೀಲಿಲ್ಲ” ಎಂದೆ. “ಅವತ್ತ ಹೇಳಿದ್ದರ...”

“ಹೆಂಗ ಹೇಳಬೇಕಾಗಿತ್ರಿ?” ಎಂದಳು.

ನಾಳೆಯಿಂದ ಕೆಲಸಕ್ಕೆ ಬಾ ಎಂದೆ.

“ಕೆಲಸ ಎಲ್ಲೆರ ಸಿಗತೈತ್ರಿ. ನೀವು ಮೂವತ್ತು ಮಂದಿ ಮುಂದ ಅಂದ್ರಿ. ನನ್ನ ನೆಗೆಣ್ಣಿ ಆ ಮಾತು ನನಗಿಂತ ಮೊದ್ಲ ಮನಿಗೆ ತಂದ್ಲು. ಈಗ ರೊಟ್ಟಿ ಹಾಕೂವಾಗೊಮ್ಮೆ ಅದು, ನೀರು ತರಾಕ ಹೋಗೂವಾಗೊಮ್ಮೆ ಅದು. ಎಲ್ಲಿ ಅಂದೀರಿ ಅಲ್ಲೇ ವಾಪಸ್ ತಗೊಳ್ರಿ. ಆಮ್ಯಾಲ ಬರ್ತೀನಿ.”

ಹೂಂ ಎಂದು ಬಂದೆ. ಹೂಂ ಅಂದವನು ಮರುದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳಿದರೆ ಗ್ಯಾಂಗ್ ನನ್ನ ತಲೆ ಮೇಲೆ ಕೂರುತ್ತದೆ, ಸಾಹುಕಾರರು ಬಂದು ನೋಡಿಹೋಗಲಿ, ಆಮೇಲೆ ಸಾವಕಾಶವಾಗಿ ಹೇಳಿದರಾಯಿತು ಎಂದು ದಿನಕ್ಕೊಂದು ನೆಪ ಹುಡುಕಿದೆ. ಕಾಯಿ ನಿಲ್ಲತೊಡಗಿದವು. ಹೊಸ ತೇಪೆ ಒಂದೂ ಬೀಳಲಿಲ್ಲ. ಹೆಂಗಸರು ಕೆಲಸ ಮಾಡುತ್ತಿದ್ದರು, ಆದರೆ ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಆ ನೀಲಿ ದಾರದ ಸಾಲುಗಳ ಬಳಿ ಬಂದಾಗ ಮುದುಕಿ ದಿನಾ ಒಮ್ಮೆ ರಸ್ತೆಯ ಕಡೆ ನೋಡುತ್ತಿದ್ದಳು, ಆಮೇಲೆ ನನ್ನ ಕಡೆ ನೋಡುತ್ತಿದ್ದಳು. ಒಂದು ವಾರ ಆ ನೋಟವನ್ನು ತಪ್ಪಿಸಿಕೊಂಡು ತಿರುಗಿದೆ.

ಅಮಾವಾಸ್ಯೆಗೆ ಮೂರು ದಿನ ಮೊದಲೇ, ಬೆಳಿಗ್ಗೆ ಎಂಟೂವರೆಗೆ ಸಾಹುಕಾರರ ಜೀಪು ಬಂತು. ಜೊತೆಗೆ ಡ್ರೈವರ್ ಒಬ್ಬನೇ. ಹೂ ಅರಳಿ ನಿಂತಿದ್ದವು. ಹೆಂಗಸರು ಉಡಿ ತುಂಬಿಕೊಂಡು ಆಗಷ್ಟೇ ಸಾಲಿಗೆ ಇಳಿದಿದ್ದರು. ಸಾಹುಕಾರರು ನಾಲ್ಕೈದು ಗಿಡ ಬಗ್ಗಿಸಿ ನೋಡಿದರು. ಕಾಯಿ ಒತ್ತಿ ನೋಡಿದರು. ಮುಖ ಅರಳಿತು. ಯಾರಿಂದ ಕೇಳಿದ್ದರೋ ಏನೋ, ನನ್ನ ಬೆನ್ನು ತಟ್ಟಿ ಎಲ್ಲರಿಗೂ ಕೇಳುವಂತೆ ಅಂದರು.

“ಆ ಕೆಲಸಗಳ್ಳಿನ್ನ ಓಡಿಸಿದ್ದು ಭಾಳ ಛಲೋ ಮಾಡಿದ್ರಿ. ಒಂದು ಹೋತು ನೋಡ್ರಿ, ಉಳಿದದ್ದೆಲ್ಲಾ ನೆಟ್ಟಗಾತು.”

ನಾನು ನಕ್ಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ.

ಮುದುಕಿ ಉಡಿ ಬಿಚ್ಚಿದಳು. ಗಂಡು ಹೂಗಳನ್ನು ಬುಟ್ಟಿಗೆ ಸುರಿದು, ನೆರಳಿಗಿಟ್ಟು, ಸಾಲಿನಿಂದ ಹೊರಬಂದು ಬದುವಿನ ಮೇಲೆ ಕುಳಿತಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮೂವರು. ನೋಡುತ್ತಿದ್ದಂತೆ ಇಡೀ ಗ್ಯಾಂಗ್ ಬದುವಿನ ಮೇಲೆ ಸಾಲಾಗಿ ಕುಳಿತಿತು. ನೆಗೆಣ್ಣಿ ಒಬ್ಬಳೇ ಸಾಲಿನ ನಡುವೆ ನಿಂತಿದ್ದಳು. ಎರಡು ಹೂ ಸವರಿದಳು, ಅತ್ತ ಇತ್ತ ನೋಡಿದಳು, ಬಂದು ಕೊನೆಯಲ್ಲಿ ಕುಳಿತಳು.

“ಏನಿದು?” ಎಂದರು ಸಾಹುಕಾರರು.

“ಇವತ್ತು ನಾವು ಯಾರೂ ಹೂ ಮುಟ್ಟಂಗಿಲ್ರಿ” ಎಂದಳು ಮುದುಕಿ.

“ಯಾಕ?”

“ಎಲ್ಲಾರೂ ಕಡಿಗಿ ಆಗೇವ್ರಿ.”

ಎಪ್ಪತ್ತರ ಹತ್ತಿರದ ಬೆಳ್ಳಿ ತಲೆಯ ಮುದುಕಿ, ಕಣ್ಣು ಮಿಟುಕಿಸದೆ, ಗಂಡಸರ ಎದುರು ಆ ಮಾತನ್ನು ಇಟ್ಟಳು. ಡ್ರೈವರ್ ಜೀಪಿನ ಕಡೆ ಹೊರಟುಬಿಟ್ಟ. ಸಾಹುಕಾರರ ಕಿವಿ ಕೆಂಪಾದವು. “ಏನ್ರೀ ಇದು, ಏನು ಹುಚ್ಚಾಟ?” ಎಂದು ನನ್ನ ಮೇಲೆ ಏರಿದರು. “ಟೈಮ್ ಎಷ್ಟಾತು? ಹೂ ಒಣಗ್ತಾವ. ಎಬ್ಬಿಸ್ರಿ ಇವ್ರನ್ನ. ಇಲ್ಲಂದ್ರ ನಾಳೆ ಕಾಲುವಿ ಕಡಿಯಿಂದ ಟ್ರ್ಯಾಕ್ಟರ್ ತುಂಬ ಮಂದಿ ತರ್ತೀನಿ.”

ಬದುವಿನ ಮೇಲಿದ್ದವರಲ್ಲಿ ಒಬ್ಬಳೂ ಅಲುಗಲಿಲ್ಲ. ಕೆಲಸ ಹೋಗುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸಾಹುಕಾರರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಗಡಿಯಾರ ನೋಡಿದೆ, ಒಂಬತ್ತು ದಾಟಿತ್ತು. ಸುಮ್ಮನಿದ್ದರೆ ಇವರೆಲ್ಲರ ಅನ್ನ ಹೋಗುತ್ತದೆ. ಬಾಯಿ ಬಿಟ್ಟರೆ ನನ್ನದು ಹೋಗಬಹುದು. ಇಷ್ಟಾದರೂ ಒಂದು ಗಳಿಗೆ ಲೆಕ್ಕ ಹಾಕುತ್ತಲೇ ನಿಂತಿದ್ದೆ. ಆಗ ಮುದುಕಿ, ಬಹಳ ಮೆತ್ತಗೆ, “ಸಾಹೇಬ್ರ, ಬಿಸಿಲು ಏರಾಕತೈತ್ರಿ” ಎಂದಳು.

ನಾನು ಬದುವಿನ ಕಡೆ ತಿರುಗಿದೆ.

“ಆಕಿ ಕೆಲಸಗಳ್ಳಿ ಅಲ್ಲ” ಎಂದೆ. ದನಿ ಸಣ್ಣದಾಗಿತ್ತು. ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದೆ. “ಆಕಿ ಕೆಲಸಗಳ್ಳಿ ಅಲ್ಲ. ಹೊಲ ಕೆಡಬಾರದು ಅಂತ ಆಕಿ ಹೂ ಮುಟ್ಟಲಿಲ್ಲ. ಆ ಪರಿಸ್ಥಿತಿ ತಂದಾವ ನಾನು. ಸಾಲು ಹಂಚಿ, ಬಣ್ಣ ಹಚ್ಚಿ, ಗಿಡದ ಕೆಳಗ ಕುಂದ್ರಬ್ಯಾಡ್ರಿ ಅಂದಾವ ನಾನು. ಸಾಹುಕಾರ್ರ, ಈ ಕಾಯಿ ನಿಂತದ್ದು ಆಕಿನ್ನ ಓಡಿಸಿದ್ದಕ್ಕಲ್ಲ. ನನ್ನ ಶಾಣ್ಯಾತನ ನಾನ ಕಿತ್ತು ಒಗದ ಮ್ಯಾಲ ನಿಂತಾವು. ಆಕಿನ್ನ ಹಂಗ ಅಂದದ್ದು ನನ್ನ ತಪ್ಪು.”

ಸಾಹುಕಾರರು ನನ್ನನ್ನು, ಬದುವನ್ನು, ಕಾಯಿಗಳನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಟೋಪಿ ಸರಿಮಾಡಿಕೊಂಡು, “ಇದನ್ನೆಲ್ಲಾ ನನ್ನ ಮುಂದ ಯಾಕ ತಂದ್ರಿ ಮಾರಾಯ್ರ” ಎಂದು ಗೊಣಗಿ, “ಕಾಯಿ ನಿಂತಾವಲ್ಲ, ನಡೀಲಿ” ಎನ್ನುತ್ತ ಜೀಪು ಹತ್ತಿದರು. ಕಾಲುವೆ ಕಡೆಯ ಗ್ಯಾಂಗಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹೆಂಗಸರು ಎದ್ದು ಉಡಿ ತುಂಬಿಕೊಂಡರು. ಹನ್ನೊಂದರೊಳಗೆ ಅವತ್ತಿನ ಹೂವೆಲ್ಲ ಸವರಿ ಮುಗಿಸಿದರು. ಅಷ್ಟು ವೇಗದ ಕೈಗಳನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಮರುದಿನ ಏಳೂವರೆಗೆ ಹಾಜರಿ ಪುಸ್ತಕ ತೆರೆದಾಗ ಅವಳು ಬಂದು ನಿಂತಿದ್ದಳು. ನೆಗೆಣ್ಣಿ ಸಂಜೆಯೇ ಸುದ್ದಿ ಮುಟ್ಟಿಸಿರಬೇಕು. ಅವಳ ಹಿಂದೆ ಅತ್ತೆಯೂ ಇದ್ದಳು, ಭಾಗ್ಯನಗರದಿಂದ ಅಷ್ಟು ದೂರ ನಡೆದು ಬಂದು ಏದುಸಿರು ಬಿಡುತ್ತಿದ್ದಳು.

“ನಿನ್ನೆ ಏನೋ ಅಂದ್ರಂತ” ಎಂದಳು ಅತ್ತೆ. “ನಾನು ಕೇಳಿಲ್ಲ. ನನ್ನ ಕಿವಿಗೆ ಒಮ್ಮೆ ಹೇಳ್ರಿ.”

ಹೇಳಿದೆ. ಎಲ್ಲರೂ ಕೇಳುತ್ತಿದ್ದರು. ನಿಮ್ಮ ಸೊಸೆ ಕೆಲಸಗಳ್ಳಿ ಅಲ್ಲ, ತಪ್ಪು ನನ್ನದು ಎಂದೆ. ಮೊದಲ ಸಲಕ್ಕಿಂತ ಸಲೀಸಾಗಿ ಬಂತು, ಹೇಳಿ ಮುಗಿಸಿದಾಗ ಎದೆ ಹಗುರಾಯಿತು ಕೂಡ. ಇಲ್ಲಿಗೆ ಮುಗಿಯಿತು ಎಂದು ಪೆನ್ನು ತೆಗೆದು ಅವಳ ಹಾಜರಿ ಹಾಕಿದೆ. ಅವಳು ನನ್ನ ಕಡೆ ನೋಡದೆ ಗಂಡು ಸಾಲಿನ ಕಡೆ ನಡೆದಳು.

ಅತ್ತೆ ಹೋಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಸೊಸೆ ಹೋದ ದಿಕ್ಕನ್ನೇ ನೋಡುತ್ತ ನಿಂತಳು.

“ಆಕಿ ನನಗ ಹೇಳಿದ್ಲು ನೋಡ್ರಿ, ಹಿಂಗಿಂಗ ಆತು ಅಂತ. ನಾನು ನಂಬಲಿಲ್ಲ. ಇನ್ನೊಬ್ಬ ಸೊಸಿನೂ ಅಲ್ಲೇ ದುಡಿತಾಳ, ಆಕಿಗಿಲ್ಲದ್ದು ನಿನಗ ಹೆಂಗ ಬಂತು ಅಂದೆ. ಓದಿದ ಮಂದಿ ಸುಮ್ಮ ಸುಮ್ಮನ ಅಂತಾರೇನು ಅಂದೆ. ಹನ್ನೆರಡು ದಿನ ಉಣ್ಣಾಕ ಕುಂತಾಗೊಮ್ಮೆ ಅಂದೀನ್ರಿ ಆ ಮಾತು ಆಕಿಗೆ.” ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ನನ್ನಿಂದ ತಿಳಿದುಕೊಳ್ಳಬೇಕೆಂದೇ ಕೇಳಿದಳು. “ನೀವು ನಿಮ್ಮದು ತಗೊಂಡ್ರಿ. ನಾನು ನನ್ನದು ಹೆಂಗ ತಗೊಳ್ಲಿ?”

ನಾನು ಆ ಹೊಲದ ಮ್ಯಾನೇಜರ್. ಹಾಜರಿ ಪುಸ್ತಕ ತೊಡೆಯ ಮೇಲಿತ್ತು, ಪೆನ್ನು ಕೈಯಲ್ಲಿತ್ತು. ಎರಡನ್ನೂ ಬದಿಗಿಟ್ಟು, ಅವಳಿಗೆ ಕೂರಲು ಬೇವಿನ ಗಿಡದ ನೆರಳು ತೋರಿಸಿದೆ.